ಇಲಿಗೆ ಸರ್ಟಿಫಿಕೇಟು ಓದಲು ಬರುವುದಿಲ್ಲ

ಊರಿನ ಯಾವುದೇ ಹೋಟೆಲಿಗೆ ಹೋಗಿ ಗಲ್ಲಾದ ಹಿಂದಿನ ಗೋಡೆಯನ್ನು ನೋಡಿರಿ. ದೇವರ ಪಟದ ಮಗ್ಗುಲಲ್ಲಿ ಈಗ ಇನ್ನೆರಡು ಪಟಗಳು ನೇತಾಡುತ್ತಿರುತ್ತವೆ. ಒಂದು, ಆಹಾರ ಸುರಕ್ಷತೆಯ ಲೈಸೆನ್ಸು ಅಥವಾ ನೋಂದಣಿ ಪತ್ರ. ಇನ್ನೊಂದು, ಕೀಟ ನಿಯಂತ್ರಣದ ಯಾವುದೋ ಕಂಪೆನಿ ಕೊಟ್ಟ ಸರ್ಟಿಫಿಕೇಟು. ಇಂಥ ತಾರೀಖಿನಂದು ಇಲ್ಲಿ ಔಷಧಿ ಹೊಡೆಯಲಾಗಿದೆ, ಇಂಥ ತಾರೀಖಿನವರೆಗೆ ಊರ್ಜಿತ ಎಂದು ಅದರಲ್ಲಿ ಬರೆದಿರುತ್ತದೆ. ದೇವರು ಕಾಯುವುದು ಬಿಡುವುದು ಅವನ ಇಷ್ಟ. ಈ ಎರಡು ಕಾಗದಗಳಂತೂ ಮಾಲೀಕನನ್ನು ಕಾಯುತ್ತವೆ. ಉಣ್ಣುವವನನ್ನು ಕಾಯುತ್ತವೆಯೇ ಎಂಬುದೇ ಪ್ರಶ್ನೆ. ರಾತ್ರಿ ಹತ್ತೂವರೆಗೆ ಶಟರು ಎಳೆದು ದೀಪ ಆರಿಸಿದ ಮೇಲೆ ಅದೇ ಗೋಡೆಯ ಬುಡದಲ್ಲಿ ಸುಳಿದಾಡುವ ಪ್ರಾಣಿಗೆ ಆ ಸರ್ಟಿಫಿಕೇಟನ್ನು ಓದಲು ಬರುವುದಿಲ್ಲ.

ಹೋಟೆಲಿನ ಇಲಿ, ಜಿರಲೆಯ ವಿಚಾರಕ್ಕೆ ವಾರಪತ್ರಿಕೆಯ ಇಷ್ಟು ಜಾಗ ಬೇಕೇ ಎಂದು ಕೆಲವರು ಹುಬ್ಬೇರಿಸಬಹುದು. ಉಳ್ಳವರಿಗೆ ಹೋಟೆಲು ಎಂದರೆ ವಾರಕ್ಕೊಮ್ಮೆ ಬಾಯಿರುಚಿ ಬದಲಿಸುವ ಸ್ಥಳ. ರಾತ್ರಿ ಪಾಳಿ ಮುಗಿಸಿ ಬರುವ ಗಿರಣಿಯ ಕೂಲಿಕಾರನಿಗೆ, ಮಾರುಕಟ್ಟೆಯ ಹಮಾಲನಿಗೆ, ಹಳ್ಳಿಯಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟು ಒಂದು ಕೋಣೆಯಲ್ಲಿ ನಾಲ್ವರು ಮಲಗುವ ದುಡಿಮೆಗಾರರಿಗೆ ಅದೇ ಅಡುಗೆಮನೆ. ಬೆಳಗಿನ ಇಡ್ಲಿ, ಮಧ್ಯಾಹ್ನದ ಅನ್ನ ಸಾರು, ಸಂಜೆಯ ಮಂಡಕ್ಕಿ ಮಿರ್ಚಿ ಎಲ್ಲವೂ ಅಲ್ಲಿಂದಲೇ. ಅಲ್ಲಿ ತಿಂದದ್ದು ಕೆಟ್ಟರೆ ಮೂರು ದಿನದ ವಾಂತಿಭೇದಿ, ಮೂರು ದಿನದ ಕೂಲಿ ಖೋತಾ, ಮೇಲೆ ಡಾಕ್ಟರ ಫೀಸು. ವಿಷಮಜ್ವರವಾದರೆ ಮೂರು ವಾರ. ದಿನಗೂಲಿಯವನ ಪಾಲಿಗೆ ಇದು ಸಂಬಳದ ಪ್ರಶ್ನೆಯಷ್ಟೇ ದೊಡ್ಡ ಪ್ರಶ್ನೆ.

ಅತ್ತ, ಈ ಪತ್ರಿಕೆಯನ್ನು ಓದುವ ಎಷ್ಟೋ ಮಂದಿ ಸ್ವತಃ ಚಿಕ್ಕ ಹೋಟೆಲು, ಖಾನಾವಳಿ, ಚಹದ ಅಂಗಡಿ ನಡೆಸುವವರು. ಆರು ಮೇಜು, ಒಂದು ಒಲೆ, ಗಂಡ ಹೆಂಡತಿ, ಇಬ್ಬರು ಹುಡುಗರು. ಅವರ ಮಾತೇ ಬೇರೆ. “ಇನ್‌ಸ್ಪೆಕ್ಟರು ಬಂದು ಸರ್ಟಿಫಿಕೇಟು ಎಲ್ಲಿ ಎನ್ನುತ್ತಾರೆ. ಕಂಪೆನಿಯವರು ವರ್ಷದ ಕಂಟ್ರಾಕ್ಟಿಗೆ ದುಡ್ಡು ಕೀಳುತ್ತಾರೆ. ಅಂಗಡಿಯ ಹಿಂದಿನ ಮೋರಿ ಮಾತ್ರ ಹಾಗೆಯೇ ಇದೆ. ಇದೆಲ್ಲ ನಮ್ಮಂಥ ಬಡಪಾಯಿಗಳನ್ನು ಮುಚ್ಚಿಸಿ ದೊಡ್ಡವರಿಗೆ ದಾರಿ ಮಾಡುವ ಉಪಾಯ” ಎಂಬುದು ಅವರ ದೂರು. ಈ ದೂರಿನಲ್ಲಿ ಅರ್ಧ ನಿಜ, ಅರ್ಧ ನೆಪ. ಯಾವುದು ನಿಜ, ಯಾವುದು ನೆಪ ಎಂಬುದನ್ನು ಬಿಡಿಸಿ ಹೇಳದೆ ಹೋದರೆ ಉಣ್ಣುವ ಬಡವನೂ ಬಡಿಸುವ ಬಡವನೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಾ ಕೂರಬೇಕಾಗುತ್ತದೆ.

ಮೊದಲು ಕಾನೂನನ್ನು ನೋಡೋಣ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆ 1955ರ ಜೂನ್ 1ರಿಂದ ಜಾರಿಗೆ ಬಂದಿತು. ಹೆಸರೇ ಹೇಳುವಂತೆ ಅದರ ಕಣ್ಣೆಲ್ಲ ಕಲಬೆರಕೆಯ ಮೇಲೆ. ಹಾಲಿಗೆ ನೀರು, ಮೆಣಸಿನಪುಡಿಗೆ ಇಟ್ಟಿಗೆ ಪುಡಿ, ಸ್ಯಾಂಪಲು, ಪ್ರಯೋಗಾಲಯ, ಕೋರ್ಟು. ಅದರ ಜಾಗಕ್ಕೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಕೆಳಗೆ 2011ರ ಆಗಸ್ಟ್ 5ರಿಂದ ಲೈಸೆನ್ಸು ನೋಂದಣಿಯ ನಿಯಮಗಳು ನಡೆಗೆ ಬಂದವು. ಈ ನಿಯಮಗಳ ನಾಲ್ಕನೆಯ ಅನುಸೂಚಿ ತಟ್ಟೆಯನ್ನು ಬಿಟ್ಟು ಅಡುಗೆಮನೆಯ ಒಳಕ್ಕೆ ಹೋಗುತ್ತದೆ. ಕಟ್ಟಡ ದುರಸ್ತಿಯಲ್ಲಿರಬೇಕು; ಕೀಟ, ಇಲಿ ನುಗ್ಗುವ ಕಂಡಿ, ಮೋರಿಯ ಬಾಯಿಗಳನ್ನು ಮುಚ್ಚಬೇಕು ಇಲ್ಲವೇ ಜಾಲರಿ ಹಾಕಬೇಕು; ದವಸ ಧಾನ್ಯವನ್ನು ನೆಲದಿಂದ ಮೇಲೆ, ಗೋಡೆಯಿಂದ ದೂರ, ಕೀಟ ಹೊಗದ ಡಬ್ಬಿಗಳಲ್ಲಿ ಇಡಬೇಕು; ಔಷಧಿ ಹೊಡೆದರೆ ಅನ್ನಕ್ಕೆ ಅಪಾಯವಾಗದಂತೆ ಹೊಡೆಯಬೇಕು, ಯಾವ ಔಷಧಿ, ಯಾವ ದಿನ ಎಂಬ ಲೆಕ್ಕ ಬರೆದಿಡಬೇಕು. ಇದರಲ್ಲಿ ತಪ್ಪು ಹುಡುಕುವುದು ಏನಿದೆ? ನಮ್ಮ ಅಜ್ಜಿಯಂದಿರು ಮಡಕೆಗೆ ಮುಚ್ಚಳ ಹಾಕಿ, ನೆಲುವಿಗೆ ತೂಗುಹಾಕಿ, ಒಲೆಯನ್ನು ಸಾರಿಸಿ ಮಲಗುತ್ತಿದ್ದುದು ಇದನ್ನೇ ಅಲ್ಲವೇ?

ಚಿಕ್ಕವರನ್ನು ಕೊಲ್ಲುವ ಕಾನೂನು ಎಂಬುದೂ ಪೂರ್ತಿ ಸರಿಯಲ್ಲ. 2011ರಲ್ಲಿ ನಿಯಮ ಬಂದಾಗಲೇ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿನವರಿಗೆ ಲೈಸೆನ್ಸಿನ ಕಟ್ಟಳೆ ಇಲ್ಲ, ಬರೀ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ಗೊತ್ತುಮಾಡಲಾಗಿತ್ತು. ಅವರಿಗಾಗಿ ಅನುಸೂಚಿಯಲ್ಲಿ ಸರಳವಾದ ಬೇರೆ ಭಾಗವನ್ನೇ ಇಟ್ಟರು. ಕಂಪೆನಿಯ ಚೌಕಟ್ಟು ಹಾಕಿದ ಸರ್ಟಿಫಿಕೇಟನ್ನು ಗೋಡೆಗೆ ನೇತುಹಾಕಿದರೆ ಶುಚಿತ್ವ ಮುಗಿಯಿತು ಎಂದು ಆ ಅನುಸೂಚಿ ಎಲ್ಲಿಯೂ ಹೇಳುವುದಿಲ್ಲ. ಅದು ಕೇಳುವುದು ಮುಚ್ಚಿದ ಕಂಡಿ, ಮುಚ್ಚಿದ ಡಬ್ಬಿ, ಒಣಗಿದ ನೆಲ, ಬರೆದಿಟ್ಟ ಲೆಕ್ಕ. ಸರ್ಟಿಫಿಕೇಟಿನ ಕಟ್ಟಳೆಯನ್ನು ಹುಟ್ಟಿಸಿದವರು ಇಬ್ಬರು: ಅಡುಗೆಮನೆಗೆ ಬಗ್ಗಿ ನೋಡಲು ಬೇಸರಪಡುವ ತಪಾಸಣೆಗಾರ, ಅಡುಗೆಮನೆಯನ್ನು ತೋರಿಸಲು ಮನಸ್ಸಿಲ್ಲದ ಮಾಲೀಕ. ಇಬ್ಬರಿಗೂ ಕಾಗದ ಹಿತ.

ಇನ್ನು ಶತ್ರುವಿನ ಸಂಗತಿ. ಹೋಟೆಲುಗಳಲ್ಲಿ ಕಾಣುವ ಕಂದುಬಣ್ಣದ ಚಿಕ್ಕ ಜಿರಲೆಯನ್ನು ತೆಗೆದುಕೊಳ್ಳಿರಿ. ದೊಡ್ಡ ಕೆಂಪು ಜಿರಲೆ ಮೋರಿಯಿಂದ ಬರುತ್ತದೆ. ಈ ಚಿಕ್ಕದು ಒಳಗೇ ಮನೆ ಮಾಡುವುದು. ಒಂದು ಹೆಣ್ಣು 30-40 ಮೊಟ್ಟೆಗಳ ಚೀಲವನ್ನು ಮರಿ ಹೊರಬೀಳುವ ಹೊತ್ತಿನವರೆಗೂ ಹೊತ್ತುಕೊಂಡೇ ತಿರುಗುತ್ತದೆ. ಹೊಡೆದ ಔಷಧಿ ಆ ಚೀಲದ ಚಿಪ್ಪನ್ನು ಸುಲಭವಾಗಿ ದಾಟದು. ತಾಯಿ ಸತ್ತರೂ ಮೊಟ್ಟೆ ಉಳಿದು ಮುಂದಿನ ತಲೆಮಾರು ಏಳಬಹುದು. ಅದು ಇರುವ ಜಾಗವಾದರೂ ಎಂಥದು? ರುಬ್ಬುವ ಯಂತ್ರದ ಮೋಟಾರಿನ ಬಿಸಿ ಗೂಡು, ಫ್ರಿಜ್ಜಿನ ಬಾಗಿಲಿನ ರಬ್ಬರು, ಗ್ಯಾಸಿನ ಕೊಳವೆಯ ಹಿಂದು, ಮರದ ಹಲಗೆ ಗೋಡೆಗೆ ಕೂಡುವ ಸಂದು. ಎರಡು ನಾಣ್ಯ ಜೋಡಿಸಿದಷ್ಟು ಬಿರುಕು ಸಿಕ್ಕರೆ ಸಾಕು. ಊರಿಂದ ಊರಿಗೆ ಅದು ನಡೆದು ಬರುವುದಿಲ್ಲ. ರಟ್ಟಿನ ಪೆಟ್ಟಿಗೆ, ಮೊಟ್ಟೆಯ ಟ್ರೇ, ಗೋಣಿಚೀಲಗಳಲ್ಲಿ ನಾವೇ ಹೊತ್ತು ತಂದು ಒಳಗಿಡುತ್ತೇವೆ. ಅನ್ನವಿಲ್ಲದೆ ಅದು ಬಹುದಿನ ಬದುಕೀತು, ನೀರಿಲ್ಲದೆ ಅಷ್ಟು ದಿನ ಬದುಕಲಾರದು. ಆದುದರಿಂದ ರಾತ್ರಿ ಅಂಗಡಿ ಮುಚ್ಚುವಾಗ ತೊಟ್ಟಿಕ್ಕುವ ನಲ್ಲಿಯನ್ನು ಕಟ್ಟಿ, ನೆಲವನ್ನು ಒರೆಸಿ ಒಣಗಿಸಿದರೆ ಎಷ್ಟೋ ಔಷಧಿಯ ಕೆಲಸವಾಗುತ್ತದೆ. ಒಣಗಿಸಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ನಮ್ಮ ಹೋಟೆಲುಗಳಲ್ಲಿ ತೊಳೆಯುವ ಹುಮ್ಮಸ್ಸು ಬಹಳ, ಒಣಗಿಸುವ ಅಭ್ಯಾಸ ಕಡಿಮೆ. ಮೇಜು ಒರೆಸುವ ಆ ಪ್ರಸಿದ್ಧವಾದ ಬಟ್ಟೆಯ ವಿಚಾರವನ್ನು ಎತ್ತದಿರುವುದೇ ಲೇಸು. ಒಂದೇ ಬಟ್ಟೆ ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ಮೇಜುಗಳ ಕೊಳೆಯನ್ನು ಎಲ್ಲ ಮೇಜುಗಳಿಗೂ ಸಮಾನವಾಗಿ ಹಂಚುತ್ತದೆ. ಸಮಾನ ಹಂಚಿಕೆಯನ್ನು ನಾವು ಬಯಸಿದ್ದು ಇದರಲ್ಲಲ್ಲ.

ನೊಣದ ಲೆಕ್ಕ ಇನ್ನೂ ಸ್ಪಷ್ಟ. ಬೇಸಿಗೆಯ ಕಾವಿನಲ್ಲಿ ಮೊಟ್ಟೆ ಹುಳುವಾಗಿ, ಹುಳು ನೊಣವಾಗಿ ಹಾರಲು ವಾರ, ಹತ್ತು ದಿನ ಸಾಕು. ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ. ಬೀದಿಯ ಮೂಲೆಯ ತಿಪ್ಪೆಯನ್ನು ಹತ್ತು ದಿನಕ್ಕೊಮ್ಮೆ ಎತ್ತುವ ಊರಿನಲ್ಲಿ ನಗರಸಭೆಯೇ ನೊಣಗಳ ಸಾಕಣೆ ಕೇಂದ್ರವನ್ನು ನಡೆಸುತ್ತಿದೆ ಎಂದು ಹೇಳಬೇಕಾಗುತ್ತದೆ. ವಾರಕ್ಕೆರಡು ಸಲ ಬುಡಸಹಿತ ಎತ್ತಿದರೆ ಹುಳು ನೊಣವಾಗುವ ಮುಂಚೆಯೇ ಹೋಯಿತು. ನೊಣಕ್ಕೆ ಅಗಿಯುವ ಹಲ್ಲಿಲ್ಲ. ತಿಂಡಿಯ ಮೇಲೆ ಎಂಜಲು ಕಕ್ಕಿ, ಕರಗಿಸಿ ಹೀರುತ್ತದೆ; ಕಾಲಿನಲ್ಲಿ, ಕಕ್ಕಿದ್ದರಲ್ಲಿ ತಿಪ್ಪೆಯದೂ ಕಕ್ಕಸಿನದೂ ಇರುತ್ತದೆ. ಜಿಲೇಬಿಯ ತಟ್ಟೆಗೆ ಒಂದು ಜಾಲರಿಯ ಮುಚ್ಚಳ ಹಾಕಲು ಯಾವ ಕಂಪೆನಿಯ ಕಂಟ್ರಾಕ್ಟೂ ಬೇಡ.

ಇಲಿಗೆ ಹೆಬ್ಬೆರಳು ತೂರುವ ಕಂಡಿ ಸಾಕು, ಚಿಕ್ಕ ಇಲಿಗೆ ಪೆನ್ಸಿಲು ತೂರುವಷ್ಟು. ಶಟರಿನ ಕೆಳಗಿನ ಸಂದು ಅದಕ್ಕೆ ರಾಜಬೀದಿ. ಹೆಗ್ಗಣ ಮೋರಿಯ ಚಪ್ಪಡಿಯ ಕೆಳಗೆ ಬಿಲ ತೋಡಿ ಹೋಟೆಲಿನ ಹಿಂಬಾಗಿಲಿಗೆ ಸುರಂಗ ಹಾಕುತ್ತದೆ. ಒಂದು ಇಲಿಯ ಗರ್ಭ ಮೂರು ವಾರಗಳದು. ಬೋನಿನಲ್ಲಿ ಹಿಡಿದು ಮುಗಿಸುತ್ತೇನೆಂದರೆ ಮುಗಿಯದು. ಕಂಡಿಗೆ ಸಿಮೆಂಟು, ಬಾಗಿಲಿನ ಬುಡಕ್ಕೆ ತಗಡು, ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ, ರಾತ್ರಿ ಮುಸುರೆಯ ಬಕೀಟಿಗೆ ಮುಚ್ಚಳ, ಇವು ಆಗಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಆ ನೀರಿನಲ್ಲಿ ಬರಿಗಾಲಲ್ಲಿ ನಿಂತು ಪಾತ್ರೆ ತೊಳೆಯುವವನು ಯಾರೆಂಬುದನ್ನು ಮುಂದೆ ನೋಡೋಣ.

ಇಷ್ಟನ್ನು ಓದಿದವರಿಗೆ ತಿಂಗಳಿಗೊಮ್ಮೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದು ಕಾಲು ಗಂಟೆಯಲ್ಲಿ ಗೋಡೆಯ ಅಂಚಿಗೆಲ್ಲ ಔಷಧಿ ಚಿಮುಕಿಸಿ ಹೋಗುವ ವಿಧಾನದ ಬೆಲೆ ಎಷ್ಟೆಂದು ತಿಳಿದೀತು. ಕೀಟ ನಿಯಂತ್ರಣವನ್ನು ಬಲ್ಲ ಕೆಲಸಗಾರ ಔಷಧಿಯ ಡಬ್ಬಿಗೆ ಕೈ ಹಾಕುವ ಮುಂಚೆ ಟಾರ್ಚು ಹಿಡಿದು ಬಗ್ಗಿ ನೋಡುತ್ತಾನೆ. ಹಿಕ್ಕೆ ಎಲ್ಲಿದೆ, ಗೋಡೆಯ ಮೇಲೆ ಇಲಿ ಮೈ ಉಜ್ಜಿದ ಕಪ್ಪು ಜಿಡ್ಡು ಎಲ್ಲಿದೆ ಎಂದು ಹುಡುಕುತ್ತಾನೆ. ಸಂದುಗಳಿಗೆ ಜೆಲ್ ಮದ್ದಿನ ಚಿಕ್ಕ ಚಿಕ್ಕ ಬೊಟ್ಟು ಇಡುತ್ತಾನೆ. ಮಾಲೀಕನಿಗೆ ಇಲ್ಲಿ ಸಿಮೆಂಟು ಹಾಕಿಸಿ, ಅಲ್ಲಿ ನಲ್ಲಿ ರಿಪೇರಿ ಮಾಡಿಸಿ ಎಂದು ಬರೆದುಕೊಡುತ್ತಾನೆ. ಇಂಥವರೂ ಇದ್ದಾರೆ. ಅವರ ಕೆಲಸಕ್ಕೆ ಕೊಡುವ ಹಣ ಹಣವೇ. ಆದರೆ ಬಿಲ್ಲಿನಲ್ಲಿ ಔಷಧಿಯ ಹೆಸರನ್ನೇ ಬರೆಯದೆ ಬರೀ ‘ಕೀಟ ನಿಯಂತ್ರಣ ಸೇವೆ’ ಎಂದು ಬರೆದು ಸಹಿ ಹಾಕುವವನಿಗೆ ಹಣ ಕೊಡುವ ಮುಂಚೆ ವ್ಯಾಪಾರಿ ಎರಡು ಪ್ರಶ್ನೆ ಕೇಳಲಿ. ನಿನ್ನ ಡಬ್ಬಿಯಲ್ಲಿರುವುದು ಏನು? ಅದನ್ನು ಹೊಡೆಯಲು ನಿನಗೆ ಲೈಸೆನ್ಸು ಇದೆಯೇ? ಹೋಟೆಲಿನವನಿಗೆ ಲೈಸೆನ್ಸು ಬೇಕಾದಂತೆ ವ್ಯಾಪಾರಕ್ಕಾಗಿ ಕೀಟನಾಶಕ ಹೊಡೆಯುವವನಿಗೂ ಬೇಕು.

ಆ ಲೈಸೆನ್ಸಿನ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ, ಹೆಣಗಳ ಮೇಲೆ ಹುಟ್ಟಿದ್ದು. 1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನ ತಿಂಡಿ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯಲ್ಲಿ ಹಿಟ್ಟಿಗೆ ತಗುಲಿತ್ತು. ನ್ಯಾಯಮೂರ್ತಿ ಜೆ. ಸಿ. ಷಾ ಅವರ ಆಯೋಗ ವಿಚಾರಣೆ ನಡೆಸಿತು. ಕೀಟನಾಶಕ ಕಾಯ್ದೆ ಬಂದದ್ದು ಹತ್ತು ವರ್ಷದ ಮೇಲೆ, 1968ರಲ್ಲಿ. ಪಾಠ ಅಲ್ಲಿಗೆ ಮುಗಿಯಲಿಲ್ಲ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಬೆರೆತಿತ್ತು. ಜಿರಲೆ ಓಡಾಡಿದ ಅನ್ನ ಉಂಡವನು ಹೊಟ್ಟೆ ಹಿಡಿದುಕೊಂಡು ಒದ್ದಾಡಿಯಾನು. ಜಿರಲೆಯ ವಿಷ ಬಿದ್ದ ಅನ್ನ ಉಂಡವನು ಏಳುವುದೇ ಅನುಮಾನ. ನಮ್ಮ ಊರುಗಳ ಎಷ್ಟೋ ಅಡುಗೆಮನೆಗಳಲ್ಲಿ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇಲಿ ಪಾಷಾಣದ ಪೊಟ್ಟಣ ಇರುತ್ತದೆ. ಕಾಳಿನ ಮೂಟೆಗಳಿಗೆಂದು ಇರುವ ಅಲ್ಯೂಮಿನಿಯಂ ಫಾಸ್ಫೈಡಿನ ಮಾತ್ರೆಯನ್ನು ಉಗ್ರಾಣದ ಇಲಿಬಿಲಕ್ಕೆ ತುರುಕುವವರೂ ಉಂಟು. ತೇವ ತಗುಲಿದೊಡನೆ ಅದರಿಂದ ಏಳುವ ವಿಷಾನಿಲಕ್ಕೆ ಇಲಿ ಯಾವುದು, ಮನುಷ್ಯ ಯಾರು ಎಂಬ ಭೇದವಿಲ್ಲ.

ಹಾಗಾದರೆ ಆ ರಾತ್ರಿ ಅಡುಗೆಮನೆಯಲ್ಲಿ ಯಾರಿರುತ್ತಾರೆ? ಇದೇ ನಮ್ಮವರು ಮರೆಯುವ ಪ್ರಶ್ನೆ. ಚಿಕ್ಕ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ಮಾಣಿಗಳು, ಹಿಟ್ಟು ರುಬ್ಬುವವರು ಬಹುಮಟ್ಟಿಗೆ ಹೋಟೆಲಿನಲ್ಲೇ ಮಲಗುವವರು. ಮೇಜುಗಳನ್ನು ಜೋಡಿಸಿ ಇಬ್ಬರು, ಉಗ್ರಾಣದ ಮೂಟೆಗಳ ಪಕ್ಕದಲ್ಲಿ ಇಬ್ಬರು. ಶಟರು ಎಳೆದ ಮೇಲೆ ಔಷಧಿ ಹೊಡೆದರೆ ಅದನ್ನು ಬೆಳಗಿನವರೆಗೆ ಉಸಿರಾಡುವವರು ಅವರೇ. ಹೊಡೆಯುವವನೂ ಕೂಲಿಯ ಹುಡುಗನೇ, ಕೈಚೀಲವಿಲ್ಲ, ಮುಖಕ್ಕೆ ಒಂದು ಕರ್ಚೀಫು. ಗಿರಣಿಯ ಹತ್ತಿಧೂಳಿನ ವಿರುದ್ಧ ಹೋರಾಡಿದ ಕಾರ್ಮಿಕರಿಗೆ ಇದರ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ.

ಅದೇ ನಿಯಮಗಳು ಮತ್ತೊಂದು ಮಾತು ಹೇಳುತ್ತವೆ. ಭೇದಿ, ಜ್ವರ, ಹುಣ್ಣು ಇರುವವನು ಅನ್ನ ಮುಟ್ಟಕೂಡದು. ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಬಹಳ ಸರಿ. ಆದರೆ ಹೊಟ್ಟೆ ಕೆಟ್ಟಿದೆ ಎಂದು ಹೇಳಿದ ದಿನವೇ ಕೂಲಿ ಹೋಗುವುದಾದರೆ, ನಾಳೆ ಬೇರೆಯವನನ್ನು ಇಟ್ಟುಕೊಳ್ಳುವುದಾದರೆ, ಯಾವ ಮಾಣಿ ಬಾಯಿ ಬಿಟ್ಟಾನು? ಅವನು ಕೈ ತೊಳೆದೂ ತೊಳೆಯದೆ ದೋಸೆ ಮಗುಚುತ್ತಾನೆ. ಹದಿನಾಲ್ಕು ಗಂಟೆ ದುಡಿದವನಿಗೆ ರಾತ್ರಿ ಹನ್ನೊಂದಕ್ಕೆ ರುಬ್ಬುವ ಯಂತ್ರವನ್ನು ಸರಿಸಿ ಹಿಂದುಗಡೆ ಒರೆಸು ಎಂದರೆ ಅವನು ಒರೆಸುವುದಿಲ್ಲ. ಒರೆಸಲಿಲ್ಲವೆಂದು ಬೈಯಲು ನನಗೆ ಬಾಯಿ ಬರುವುದಿಲ್ಲ. ಕಾಯಿಲೆಯ ದಿನಕ್ಕೆ ಸಂಬಳ, ತಪಾಸಣೆಯ ಖರ್ಚು ಮಾಲೀಕನದು, ಶುಚಿ ಮಾಡುವ ಗಂಟೆಯೂ ಕೆಲಸದ ಗಂಟೆಯೇ. ಇವಿಲ್ಲದೆ ಹೋಟೆಲಿನ ಶುಚಿತ್ವದ ಮಾತಾಡುವುದು ಬೆಂಕಿ ಹೊತ್ತಿಸದೆ ಅನ್ನ ಬೇಯಿಸಿದಂತೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂದು 2006ರ ಅಕ್ಟೋಬರ್ 10ರಿಂದ ನಿಷೇಧವಿದೆ. ಹುಡುಗ ‘ತಂಗಿಯ ಮಗ’, ‘ರಜಕ್ಕೆ ಬಂದಿದ್ದಾನೆ’ ಎನ್ನುವ ಮಾಲೀಕರಿಗೆ ತಂಗಿಯರು ಎಷ್ಟು ಮಂದಿ ಎಂದು ಯಾರಾದರೂ ಲೆಕ್ಕ ಹಾಕಬೇಕು.

ಈಗ ವ್ಯಾಪಾರಿಗಳ ದೂರಿನ ನಿಜವಾದ ಅರ್ಧಕ್ಕೆ ಬರೋಣ. ಹೋಟೆಲಿನವನು ಎಷ್ಟೇ ಉಜ್ಜಲಿ, ಹಿಂದಿನ ಮೋರಿಯಲ್ಲಿ ಹೂಳು ತುಂಬಿ, ಚಪ್ಪಡಿ ಒಡೆದು, ಪಕ್ಕದ ಖಾಲಿ ನಿವೇಶನ ತಿಪ್ಪೆಯಾಗಿದ್ದರೆ ಅವನೊಬ್ಬನಿಂದ ಏನಾದೀತು? ಇಲ್ಲಿಂದ ಓಡಿಸಿದ ಇಲಿ ಪಕ್ಕದ ಬೇಕರಿಗೆ ಹೋಗುತ್ತದೆ, ಬೇಕರಿಯವನು ಓಡಿಸಿದರೆ ಇಲ್ಲಿಗೇ ಬರುತ್ತದೆ. ಬಾಡಿಗೆಯನ್ನು ವರ್ಷವರ್ಷ ಏರಿಸುವ ಕಟ್ಟಡದ ಧಣಿ ಒಡೆದ ಗೋಡೆಗೆ ಒಂದು ಬುಟ್ಟಿ ಗಾರೆ ಹಾಕಿಸುವುದಿಲ್ಲ. ಕಾನೂನು ಮಾತ್ರ ಬಾಡಿಗೆದಾರನ ಕೊರಳಿಗೆ ಬೀಳುತ್ತದೆ. 2006ರ ಕಾಯ್ದೆಯ 56ನೆಯ ಕಲಮಿನಲ್ಲಿ ಅಶುಚಿಯಾದ ಸ್ಥಿತಿಯಲ್ಲಿ ಆಹಾರ ತಯಾರಿಸಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಮೋರಿಯ ಹೂಳೆತ್ತದ ನಗರಸಭೆಗೆ ದಂಡವೆಷ್ಟು? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣಕ್ಕೆ ಬೆರಳು ತೋರಿಸಿದರು ಎಂಬ ಗಾದೆ ನಮ್ಮ ಹಿರಿಯರದು. ಅವರು ಯಾವ ನಗರಸಭೆಯನ್ನು ಕಂಡಿದ್ದರೋ!

ಇದಕ್ಕೆ ಬೇರೆ ದಾರಿ ಇದೆ ಎಂಬುದನ್ನು ಸೂರತ್ ತೋರಿಸಿದೆ. ಅದು ನಮ್ಮ ಹಾಗೆಯೇ ನೂಲು ನೇಯ್ಗೆಯವರ ಊರು, ಹೊರಗಿನಿಂದ ಬಂದ ಕೂಲಿಕಾರರ ಊರು. 1994ರ ಸೆಪ್ಟೆಂಬರಿನಲ್ಲಿ, ನೆರೆ ಇಳಿದು ಊರೆಲ್ಲ ಕೊಳೆತು ನಾರುತ್ತಿದ್ದಾಗ, ಅಲ್ಲಿ ಪ್ಲೇಗು ಕಾಣಿಸಿತು. ಸತ್ತವರು ಸುಮಾರು ಐವತ್ತು ಮಂದಿ. ಊರು ಬಿಟ್ಟು ಓಡಿದವರು ಲಕ್ಷಗಟ್ಟಲೆ. ಮಗ್ಗಗಳು ನಿಂತವು. 1898ರ ಪ್ಲೇಗಿನಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ಜನ ಇಲಿ ಬಿತ್ತೆಂದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದುದನ್ನು ಅಜ್ಜಂದಿರ ಬಾಯಲ್ಲಿ ಕೇಳಿದವರಿಗೆ ಆ ದೃಶ್ಯ ಹೊಸದಲ್ಲ. ಮಾರನೆಯ ವರ್ಷ 1995ರಲ್ಲಿ ಎಸ್. ಆರ್. ರಾವ್ ಎಂಬವರು ಸೂರತ್ತಿನ ನಗರಪಾಲಿಕೆಗೆ ಕಮಿಷನರಾಗಿ ಬಂದರು. ಅವರು ಹೋಟೆಲುಗಳ ತಪಾಸಣೆ ಮಾಡಿಸಿದರು, ಕೊಳಕಾದವುಗಳ ಬಾಗಿಲು ಹಾಕಿಸಿದರು, ನಿಜ. ಆದರೆ ಅದಕ್ಕೆ ಜೊತೆಯಾಗಿ ತಮ್ಮ ಅಧಿಕಾರಿಗಳನ್ನು ದಿನವೂ ಬೆಳಿಗ್ಗೆ ಕುರ್ಚಿಯಿಂದ ಎಬ್ಬಿಸಿ ಬೀದಿಗೆ ಅಟ್ಟಿದರು, ಕಸ ಎತ್ತಿಸಿದರು, ಕೊಳೆಗೇರಿಗಳಿಗೆ ನಲ್ಲಿ, ಮೋರಿ, ಕಕ್ಕಸು ಕೊಡಿಸಿದರು. ಎರಡು ವರ್ಷದೊಳಗೆ ಆ ಊರು ದೇಶದ ಎರಡನೆಯ ಶುಚಿಯಾದ ನಗರವೆಂದು ಹೆಸರು ಪಡೆಯಿತು. ಒಬ್ಬ ಅಧಿಕಾರಿಯನ್ನು ಅವತಾರಪುರುಷನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಪೊರಕೆ ಹಿಡಿದವರು ಸಾವಿರಾರು ಪೌರಕಾರ್ಮಿಕರು, ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಹೋಟೆಲಿನವನಿಗೆ ನೋಟೀಸು ಕೊಡುವ ಕೈ ಮೊದಲು ತನ್ನ ಮೋರಿಯನ್ನು ಬಳಿದುಕೊಂಡಾಗ ಆ ನೋಟೀಸಿಗೆ ಬೆಲೆ ಬಂದಿತು ಎಂಬುದಷ್ಟೇ ನನ್ನ ಮಾತು.

ಆದುದರಿಂದ ನಮ್ಮ ನಗರಸಭೆಯೂ ಒಂದು ಕಾಗದ ಬರೆದು ಪ್ರತಿ ಹೋಟೆಲು ಬೀದಿಯಲ್ಲಿ ಅಂಟಿಸಲಿ. ಈ ಮೋರಿಯ ಹೂಳು ಎತ್ತಿದ ತಾರೀಖು, ಕಸ ಎತ್ತುವ ವಾರ, ಎತ್ತದಿದ್ದರೆ ಕೇಳಬೇಕಾದ ಅಧಿಕಾರಿಯ ಹೆಸರು. ತಳ್ಳುಗಾಡಿಯವರಿಗೆ ನೀರಿನ ನಲ್ಲಿ, ಎಂಜಲು ಹಾಕುವ ಮುಚ್ಚಿದ ತೊಟ್ಟಿ ಕೊಡದೆ ಅವರ ತಟ್ಟೆ ಕೊಳಕು ಎಂದು ಗಾಡಿ ಎತ್ತಿಕೊಂಡು ಹೋಗುವುದು ನಿಲ್ಲಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಸ್ಥಾನ ಬೀದಿ ವ್ಯಾಪಾರಿಗಳದೇ. ಆ ಸಮಿತಿಯ ಸಭೆ ಕರೆಸಿ ಕೇಳುವ ಹಕ್ಕು ಅವರಿಗಿದೆ.

ವ್ಯಾಪಾರಿಗಳು ತಿಳಿದಿರಬೇಕಾದ ಇನ್ನೊಂದು ಸಂಗತಿ. ತಪಾಸಣೆಯವರು ಬಂದು ಬಾಯಿಮಾತಿನಲ್ಲಿ ಹೆದರಿಸಿದರೆ ಹೆದರಬೇಕಾಗಿಲ್ಲ. ಕಾಯ್ದೆಯ 32ನೆಯ ಕಲಮಿನ ಸುಧಾರಣಾ ನೋಟೀಸಿನಲ್ಲಿ ಏನು ತಪ್ಪಿದೆ, ಅದನ್ನು ಸರಿಪಡಿಸಲು ಏನು ಮಾಡಬೇಕು ಎಂಬುದನ್ನು ಬರೆದು ತಿಳಿಸಬೇಕು. 14 ದಿನಕ್ಕೆ ಕಡಿಮೆಯಿಲ್ಲದ ಅವಧಿ ಕೊಡಬೇಕು. ಬರಹದಲ್ಲಿ ಕೊಡಿ ಎಂದು ಕೇಳುವವನ ಹತ್ತಿರ ಮಾಮೂಲಿನ ಮಾತು ಏಳುವುದಿಲ್ಲ. ಆದರೆ ಹಾಗೆ ಕೇಳುವ ಧೈರ್ಯ ಬರಬೇಕಾದರೆ ಅಡುಗೆಮನೆ ನೋಡುವಂತಿರಬೇಕು. ಚಿಕ್ಕ ಅಂಗಡಿ ಎಂಬುದು ಕೊಳಕಿಗೆ ಸಮರ್ಥನೆಯಾಗಲಾರದು. ಆರು ಮೇಜಿನ ಖಾನಾವಳಿಯನ್ನು ಕನ್ನಡಿಯಂತೆ ಇಟ್ಟುಕೊಂಡ ಹೆಂಗಸರನ್ನು ನಾವೆಲ್ಲ ಬಲ್ಲೆವು. ತಂಪು ಗಾಳಿಯ ಹಾಲಿನ ಹಿಂದೆ ಮೂಗು ಮುಚ್ಚಿಕೊಂಡು ಹಾಯಬೇಕಾದ ಅಡುಗೆಮನೆಗಳೂ ಉಂಟು. ಮನೆಗೇ ತಿಂಡಿ ತಲುಪಿಸುವ ಇಂದಿನ ವ್ಯಾಪಾರದಲ್ಲಂತೂ ಅಡುಗೆಮನೆ ಎಲ್ಲಿದೆ ಎಂಬುದೇ ಉಣ್ಣುವವನಿಗೆ ಗೊತ್ತಿಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಂ ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುಚಿಗೊಳಿಸುವ ಕ್ರಮವನ್ನು ತಮ್ಮಲ್ಲಿ ತಂದರು. ಆಗ ಅನುಸೂಚಿಯೂ ಇರಲಿಲ್ಲ, ಸರ್ಟಿಫಿಕೇಟಿನ ಕಂಪೆನಿಯೂ ಇರಲಿಲ್ಲ.

ಒಂದೊಂದು ಅಂಗಡಿಯವನು ಒಂದೊಂದು ಕಂಟ್ರಾಕ್ಟು ಮಾಡಿಕೊಳ್ಳುವುದರ ಬದಲು ಬೀದಿಯ ಹತ್ತು ಹನ್ನೆರಡು ಅಂಗಡಿಯವರು ಸೇರಿ, ಲೈಸೆನ್ಸಿರುವ ಒಬ್ಬ ತಿಳಿದ ಕೆಲಸಗಾರನನ್ನು ಗೊತ್ತುಮಾಡಿಕೊಂಡು ಇಡೀ ಬೀದಿಯನ್ನು ಒಂದೇ ದಿನ ನೋಡಿಸಿದರೆ ಇಲಿಗೆ ಪಕ್ಕದ ಮನೆ ಎಂಬುದು ಇಲ್ಲದಾಗುತ್ತದೆ. ಖರ್ಚೂ ಇಳಿಯುತ್ತದೆ. ಹಿಟ್ಟು, ಎಣ್ಣೆಯನ್ನು ಒಟ್ಟಿಗೆ ಕೊಳ್ಳುವ ಸಂಘಗಳು ಇದನ್ನೂ ಮಾಡಬಹುದು.

ಉಣ್ಣುವವರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಕೊಂಡ ತಿಂಡಿಯ ಮೇಲೆ ಅನುಮಾನ ಬಂದರೆ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು 40ನೆಯ ಕಲಮು ಗಿರಾಕಿಗೇ ಕೊಟ್ಟಿದೆ. ತಪ್ಪು ಸಾಬೀತಾದರೆ ಶುಲ್ಕ ವಾಪಸು. ಕೆಟ್ಟ ಅನ್ನದಿಂದ ಸಾವಾದರೆ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರವನ್ನು 65ನೆಯ ಕಲಮು ಹೇಳುತ್ತದೆ. 2022ರ ಜನವರಿಯಿಂದ ಬಿಲ್ಲಿನ ಮೇಲೆ ಲೈಸೆನ್ಸು ಅಥವಾ ನೋಂದಣಿಯ ನಂಬರು ಇರಲೇಬೇಕೆಂಬ ಆಜ್ಞೆ ಇದೆ. ಬಿಲ್ಲು ಕೇಳುವ ಅಭ್ಯಾಸ ಮಾಡಿಕೊಳ್ಳಿರಿ.

ಗಿರಣಿಯ ಕ್ಯಾಂಟೀನಿನಿಂದಲೇ ಕೆಲಸ ಶುರುವಾಗಬಹುದು. 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕ್ಯಾಂಟೀನು ಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು ಕಂಟ್ರಾಕ್ಟು ಕೂಲಿಯವರನ್ನೂ ಸೇರಿಸಿಕೊಂಡು 100ಕ್ಕೆ ಇಳಿಸಿದೆ. ಕ್ಯಾಂಟೀನಿನ ಆಡಳಿತದಲ್ಲಿ ಕಾರ್ಮಿಕರ ಪ್ರತಿನಿಧಿಗಳನ್ನು ಕೂರಿಸಲು ಹಳೆಯ ಕಾಯ್ದೆಯಲ್ಲೇ ಅವಕಾಶವಿತ್ತು. ಆ ಪ್ರತಿನಿಧಿಗಳು ಉಪ್ಪಿಟ್ಟಿನ ರೇಟನ್ನು ಚರ್ಚಿಸಿ ಎದ್ದು ಬರುವುದು ಇನ್ನು ಸಾಲದು. ರಾತ್ರಿ ಪಾಳಿ ನಡೆಯುತ್ತಿರುವಾಗ, ಮುಂಚಿತವಾಗಿ ಹೇಳದೆ, ಒಂದು ಟಾರ್ಚು ಹಿಡಿದುಕೊಂಡು ಪಾತ್ರೆ ತೊಳೆಯುವ ಜಾಗಕ್ಕೂ ದವಸದ ಕೋಣೆಗೂ ಹೋಗಲಿ. ಅಲ್ಲಿ ಮಲಗಿರುವ ಹುಡುಗನನ್ನು ಎಬ್ಬಿಸಿ, ಹೋದ ಸಲ ಔಷಧಿ ಹೊಡೆದ ರಾತ್ರಿ ಎಲ್ಲಿ ಮಲಗಿದ್ದೆ ಎಂದು ಕೇಳಲಿ.